ಬ್ರಹ್ಮಾವರದ ಕಂಬ, ಕದ್ರಿಯ ಕಪಾಟು: ಕರಾವಳಿಯ ಬಾನುಲಿಯಲ್ಲಿ ಹಳೆಯ ಹಾಡಿನ ಚರಿತ್ರೆ

ಪ್ರಶ್ನೆ: ನಾನು ಕುಂದಾಪುರ ಕಡೆಯವಳು, ನಿವೃತ್ತ ಶಿಕ್ಷಕಿ. ನಮ್ಮ ಅಪ್ಪಯ್ಯ ಮೊದಲು ಸಿಲೋನ್ ರೇಡಿಯೋ ಹಾಕುತ್ತಿದ್ದರು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಮನೆಯಲ್ಲಿ ಮಂಗಳೂರು ಸ್ಟೇಶನ್ ಬಿಟ್ಟು ಬೇರೊಂದು ಕೇಳುತ್ತಿರಲಿಲ್ಲ. ನಮ್ಮ ಮಕ್ಕಳು ಅದನ್ನು ಹಳೆ ಹಾಡಿನ ಸ್ಟೇಶನ್ ಎಂದೇ ಕರೆಯುತ್ತಾರೆ. ಅದು ಶುರುವಾದದ್ದೇ ಹಾಗೆಯೇ? ಊರಿನಲ್ಲಿ ಕೆಲವರು ಅದು ಮಂಗಳೂರಿನದಲ್ಲ, ಬ್ರಹ್ಮಾವರದ್ದು ಎನ್ನುತ್ತಾರೆ. ಇಷ್ಟೊಂದು ಎಫ್.ಎಂ.ಗಳು ಬಂದ ಮೇಲೂ ಹಳೆಯ ಹಾಡುಗಳನ್ನಷ್ಟೇ ಹಾಕುವ ಒಂದು ಸ್ಟೇಶನ್ ನಮ್ಮಲ್ಲಿ ಯಾಕಿಲ್ಲ? ಅಪ್ಪಯ್ಯ ರೇಡಿಯೋದಿಂದ ತುಂಬಿಸಿದ ಕ್ಯಾಸೆಟ್‌ಗಳೂ ಒಂದಿಷ್ಟು ಗ್ರಾಮಾಫೋನ್ ಪ್ಲೇಟುಗಳೂ ಅಟ್ಟದಲ್ಲಿವೆ. ಅವನ್ನು ಏನು ಮಾಡಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ, ಇಲ್ಲ ಎಂಬುದು. ಆಕಾಶವಾಣಿ ಮಂಗಳೂರು ನಿಲಯ ಹಳೆಯ ಹಾಡುಗಳಿಗಾಗಿ ಹುಟ್ಟಿದ್ದಲ್ಲ. ಅದು ಪ್ರಸಾರ ಆರಂಭಿಸಿದ್ದು 1976ರ ಡಿಸೆಂಬರ್ 11ರಂದು, ದೇಶದಲ್ಲಿ ತುರ್ತುಪರಿಸ್ಥಿತಿ ಜಾರಿಯಲ್ಲಿದ್ದ ಕಾಲದಲ್ಲಿ. ವಾರ್ತೆ, ಕೃಷಿ, ಶಾಸ್ತ್ರೀಯ ಸಂಗೀತ, ನಾಟಕ, ಯಕ್ಷಗಾನ, ಮಹಿಳೆಯರ ಮತ್ತು ಮಕ್ಕಳ ಕಾರ್ಯಕ್ರಮ ಇವೆಲ್ಲ ಅದರ ಕೆಲಸವಾಗಿದ್ದವು. ಚಿತ್ರಗೀತೆ ಆ ಪಂಕ್ತಿಯಲ್ಲಿ ಒಂದು ಎಲೆಯಷ್ಟೆ. ನೀವು ಇಂದು ಹಳೆಯದು ಎಂದು ಕರೆಯುವ ಹಾಡುಗಳಲ್ಲಿ ಬಹುಪಾಲು ಆಗ ಹಳೆಯವೂ ಆಗಿರಲಿಲ್ಲ. ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಅವರು 1960ರ ದಶಕದಲ್ಲಿ ಹಾಡಿದ ಯುಗಳಗೀತೆಗಳಿಗೆ 1976ರಲ್ಲಿ ಹತ್ತೋ ಹದಿನೈದೋ ವರ್ಷ ವಯಸ್ಸು. ನಿಲಯ ಹಳೆಯ ಹಾಡುಗಳನ್ನು ಹುಡುಕಿ ತಂದು ಬಿತ್ತರಿಸಲಿಲ್ಲ. ಅದು ಇಟ್ಟುಕೊಂಡ ಹಾಡುಗಳೇ ಅದರ ಕಪಾಟಿನಲ್ಲಿದ್ದು ಹಳೆಯವಾದವು. ಈ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಎರಡು ವಸ್ತುಗಳನ್ನು ನೋಡಬೇಕು. ಒಂದು ಧ್ವನಿಯನ್ನು ನಿಮ್ಮ ಮನೆಗೆ ಮುಟ್ಟಿಸಿದ ಕಂಬ, ಇನ್ನೊಂದು ಪ್ಲೇಟುಗಳನ್ನೂ ಟೇಪುಗಳನ್ನೂ ಕಾಪಾಡಿದ ಕಪಾಟು.

ಆದರೆ ಅದಕ್ಕೂ ಮೊದಲು ನಿಮ್ಮ ಅಪ್ಪಯ್ಯನವರ ಸಿಲೋನ್, ಅಂದರೆ ಇಂದಿನ ಶ್ರೀಲಂಕಾದ ಬಾನುಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ಆಗ್ನೇಯ ಏಷ್ಯಾ ಸೇನಾ ಕಮಾಂಡ್ ತನ್ನ ಸೈನಿಕರಿಗಾಗಿ ಕೊಲಂಬೊದಿಂದ ಪ್ರಸಾರ ನಡೆಸುತ್ತಿತ್ತು. ಅದಕ್ಕಾಗಿ ಕೊಲಂಬೊ ಹತ್ತಿರದ ಏಕಲದಲ್ಲಿ ಸ್ಥಾಪಿಸಿದ 100 ಕಿಲೋವ್ಯಾಟ್ ಸಾಮರ್ಥ್ಯದ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಯುದ್ಧ ಮುಗಿದ ಮೇಲೆ ಸಿಲೋನ್ ಸರ್ಕಾರದ ಕೈಗೆ ಬಂತು. ಅಷ್ಟು ಬಲವಾದ ಯಂತ್ರ ಒಂದು ಸಣ್ಣ ದ್ವೀಪದ ಅಗತ್ಯಕ್ಕೆ ಮೀರಿದ್ದು. ಆದ್ದರಿಂದ ಅದು ಭಾರತದ ಕೇಳುಗರಿಗೆ ಹಾಡು, ಭಾರತದ ಕಂಪೆನಿಗಳಿಗೆ ಜಾಹೀರಾತು ಒದಗಿಸುವ ವಾಣಿಜ್ಯ ಸೇವೆಗೆ ಬಳಕೆಯಾಯಿತು. ಮಂಗಳೂರಿನಿಂದ ಕೊಲಂಬೊಗೆ ನೇರ ಗೆರೆ ಎಳೆದರೆ ಸುಮಾರು 850 ಕಿಲೋಮೀಟರ್. ವಾಯುಮಂಡಲದ ಮೇಲ್ಭಾಗದ ವಿದ್ಯುತ್ಕಣಗಳ ಪದರವಾದ ಅಯಾನುಗೋಳಕ್ಕೆ ಬಡಿದು ಕೆಳಗಿಳಿಯುವ ಶಾರ್ಟ್‌ವೇವ್ ಅಲೆಗೆ ಇದು ದೊಡ್ಡ ದೂರವೇ ಅಲ್ಲ. 25 ಮತ್ತು 41 ಮೀಟರ್ ಬ್ಯಾಂಡುಗಳಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ ನಿಲಯ ಹಿಡಿಯುವ ಕೈಚಳಕ ನಿಮ್ಮ ಅಪ್ಪಯ್ಯನವರಿಗೆ ಖಂಡಿತ ಒಲಿದಿರಬೇಕು.

ಅದೇ ಕಾಲದಲ್ಲಿ ದೆಹಲಿಯಲ್ಲಿ ನಡೆದದ್ದು ಇನ್ನೊಂದು ಕಥೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದಲ್ಲಿ ಅಪಾರ ಶ್ರದ್ಧೆ, ಚಿತ್ರಗೀತೆಯ ಬಗ್ಗೆ ಅಷ್ಟೇ ಅಸಮಾಧಾನ. ಹಾಡಿನ ಜೊತೆ ಚಿತ್ರದ ಹೆಸರು ಹೇಳಿದರೆ ಅದು ಜಾಹೀರಾತಾಗುತ್ತದೆ ಎಂಬ ನಿಲುವನ್ನು ಆಕಾಶವಾಣಿ ತಳೆಯಿತು. ನಿರ್ಮಾಪಕರು ಸಿಟ್ಟಾಗಿ ಹಾಡುಗಳ ಪ್ರಸಾರಕ್ಕೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಂಡರು. ದೇಶದ ಬಾನುಲಿಯಿಂದ ಸಿನಿಮಾ ಹಾಡು ಬಹುಮಟ್ಟಿಗೆ ಮರೆಯಾಯಿತು, ಕೇಳುಗ ಮಾತ್ರ ಮರೆಯಾಗಲಿಲ್ಲ. ಅವನು ಸಿಲೋನಿಗೆ ಹೋದ. 1952ರ ಕೊನೆಯಲ್ಲಿ ಸಿಲೋನಿನಲ್ಲಿ ಆರಂಭವಾದ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಮತ್ತು ಅದನ್ನು ನಡೆಸಿದ ಅಮೀನ್ ಸಯಾನಿಯವರ ಧ್ವನಿ ಹಿಂದಿ ಬಾರದ ನಮ್ಮ ಹಳ್ಳಿಗಳಲ್ಲಿಯೂ ಮನೆಮಾತಾದದ್ದಕ್ಕೆ ಇದೇ ಕಾರಣ. ಕನ್ನಡ ಚಿತ್ರಗೀತೆಗಳಿಗೂ ಸಿಲೋನಿನಲ್ಲಿ ಒಂದಿಷ್ಟು ಹೊತ್ತು ಮೀಸಲಿತ್ತು.

ನಿಮ್ಮ ಪ್ರಶ್ನೆಗೆ ಬಹಳ ಹತ್ತಿರವಾದ ಸಂಗತಿಯೊಂದು ಇಲ್ಲಿದೆ. ಸಿಲೋನಿನ ಹಿಂದಿ ಸೇವೆ ಬೆಳಗ್ಗೆ ಏಳೂವರೆಯಿಂದ ಎಂಟರವರೆಗೆ ಹಳೆಯ ಚಿತ್ರಗಳ ಹಾಡುಗಳನ್ನಷ್ಟೇ ಹಾಕುತ್ತಿತ್ತು, ಮತ್ತು ಆ ಅರ್ಧ ಗಂಟೆಯ ಕೊನೆಯ ಹಾಡು 1947ರಲ್ಲಿ ತೀರಿಕೊಂಡ ಗಾಯಕ-ನಟ ಕೆ.ಎಲ್. ಸೈಗಲ್ ಅವರದ್ದೇ ಆಗಿರಬೇಕೆಂಬ ಕ್ರಮವಿತ್ತು. ಹೊಸ ಹಾಡುಗಳಿಂದ ಬೇರ್ಪಡಿಸಿ, ಹಳೆಯದಕ್ಕೆ ದಿನದಲ್ಲಿ ಒಂದು ನಿಶ್ಚಿತ ವೇಳೆ ಕೊಟ್ಟು, ಅದಕ್ಕೆ ಒಂದು ಮರ್ಯಾದೆ ಕಲ್ಪಿಸುವ ಪದ್ಧತಿಯನ್ನು ನಮ್ಮ ಕೇಳುಗರು ಕಲಿತದ್ದು ಅಲ್ಲಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಕಾಶವಾಣಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿದ್ದು ಸಿಲೋನಿಗೆ ಹೋದ ಈ ಕೇಳುಗರನ್ನು ಮರಳಿ ಕರೆತರುವುದಕ್ಕಾಗಿ. ಜಾಹೀರಾತು ಅದರೊಳಗೆ ಬಂದದ್ದು ಇನ್ನೂ ಹತ್ತು ವರ್ಷಗಳ ನಂತರ, 1967ರಲ್ಲಿ.

ಕನ್ನಡದ ಕೇಳುಗನಿಗೆ ಧಾರವಾಡ ನಿಲಯ 1950ರಿಂದ ಇತ್ತು. ಮೈಸೂರಿನಿಂದ ಸ್ಥಳಾಂತರಗೊಂಡ ಬೆಂಗಳೂರು ನಿಲಯ 1955ರಿಂದ ಇತ್ತು. ಭದ್ರಾವತಿ 1965ರಲ್ಲಿ ಬಂತು. ಕರಾವಳಿಗೆ ಮಾತ್ರ ಇವೆಲ್ಲ ಘಟ್ಟದ ಆಚೆಗಿನ ಧ್ವನಿಗಳು. ಮೀಡಿಯಂ ವೇವ್ ಹಗಲಿನಲ್ಲಿ ನೆಲವನ್ನು ಹಿಡಿದುಕೊಂಡು ಸಾಗುತ್ತದೆ. ಕಲ್ಲು, ಕಾಡು, ಬೆಟ್ಟಗಳನ್ನು ದಾಟುವಾಗ ಅದರ ಶಕ್ತಿ ಸೋರಿಹೋಗುತ್ತದೆ. ಸಂಜೆಯಾದ ಮೇಲೆ, ಹಗಲಿನಲ್ಲಿ ಅಲೆಯನ್ನು ಹೀರಿಕೊಳ್ಳುತ್ತಿದ್ದ ಅಯಾನುಗೋಳದ ಕೆಳಪದರ ಕರಗಿದಾಗ, ಅದೇ ನಿಲಯಗಳು ಆಕಾಶಮಾರ್ಗವಾಗಿ ಕೇಳಿಸತೊಡಗುತ್ತವೆ, ಆದರೆ ಏರುತ್ತ ಇಳಿಯುತ್ತ, ಬೇರೆ ನಿಲಯಗಳ ಸದ್ದಿನೊಂದಿಗೆ ಬೆರೆತು. ಹೀಗಾಗಿ 1976ರ ತನಕ ಕರಾವಳಿಯ ಎಷ್ಟೋ ಮನೆಗಳಿಗೆ ಘಟ್ಟದ ಮೇಲಿನ ಸ್ವಂತ ರಾಜ್ಯಕ್ಕಿಂತ ಸಮುದ್ರದಾಚೆಯ ಕೊಲಂಬೊ ಸ್ಪಷ್ಟವಾಗಿತ್ತು.

ಈಗ ಬ್ರಹ್ಮಾವರದ ವಾದಕ್ಕೆ ಬರೋಣ. ನಿಮ್ಮ ಊರಿನ ಎರಡು ಪಕ್ಷಗಳವರೂ ಸರಿ. ಸ್ಟುಡಿಯೋ ಮಂಗಳೂರಿನ ಕದ್ರಿ ಗುಡ್ಡದಲ್ಲಿದೆ. ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ನೆಲೆಗೊಂಡದ್ದು ಅಲ್ಲಿಂದ ಸುಮಾರು 70 ಕಿಲೋಮೀಟರ್ ಉತ್ತರಕ್ಕೆ, ಬ್ರಹ್ಮಾವರದಲ್ಲಿ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಾದ್ದರಿಂದ ನಿಲಯ ಆರಂಭವಾದಾಗ ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳಾಗಿದ್ದವು. ಮಾತಾಡಿದವರು ಮಂಗಳೂರಿನಲ್ಲಿ, ಮಾತು ಗಾಳಿಗೇರಿದ್ದು ನಿಮ್ಮ ಮನೆಯ ಹತ್ತಿರದಿಂದ. ಕುಂದಾಪುರದಲ್ಲಿ ನಿಲಯ ಅಷ್ಟು ಗಟ್ಟಿಯಾಗಿ ಕೇಳುತ್ತಿದ್ದುದರ ಗುಟ್ಟು ಇದೇ.

ಆ ಜಾಗದ ಗುಣವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಕರಾವಳಿಯ ಬಾನುಲಿ ಚರಿತ್ರೆಯಲ್ಲಿ ಭೂಗೋಳ ಮಾಡಿದಷ್ಟು ಕೆಲಸವನ್ನು ಯಾವ ಕಾರ್ಯಕ್ರಮವೂ ಮಾಡಿಲ್ಲ. ಮೀಡಿಯಂ ವೇವ್ ಕೇಂದ್ರದಲ್ಲಿ ಕಂಬವೇ ಆಂಟೆನಾ. ಅದರ ಬುಡದಿಂದ ನಾಲ್ಕೂ ದಿಕ್ಕಿಗೆ ನೆಲದಡಿಯಲ್ಲಿ ತಾಮ್ರದ ತಂತಿಗಳನ್ನು ಹೂತಿರುತ್ತಾರೆ. ನೆಲ ತೇವವಾಗಿದ್ದಷ್ಟೂ ಅಲೆ ಸುಲಭವಾಗಿ ಹೊರಡುತ್ತದೆ. ಬ್ರಹ್ಮಾವರ ಸೀತಾ ಮತ್ತು ಸ್ವರ್ಣಾ ನದಿಗಳ ನಡುವಿನ ಸೀಮೆ, ಗದ್ದೆಬಯಲಿನ ಊರು, ಸಮುದ್ರಕ್ಕೆ ಹತ್ತಿರ. ಉಪ್ಪುನೀರು ಒದ್ದೆಮಣ್ಣಿಗಿಂತ ನೂರಾರು ಪಟ್ಟು ಉತ್ತಮ ವಿದ್ಯುದ್ವಾಹಕವಾದ್ದರಿಂದ, 20 ಕಿಲೋವ್ಯಾಟಿನ ಆ ಧ್ವನಿ ಪೂರ್ವಕ್ಕೆ ಘಟ್ಟದ ಬುಡದಲ್ಲಿ ಸೊರಗಿದರೂ ಪಶ್ಚಿಮಕ್ಕೆ ಕಡಲ ಮೇಲೆ ಬಹುದೂರ ಹೋಗುತ್ತಿತ್ತು. ಮಲ್ಪೆ, ಗಂಗೊಳ್ಳಿಗಳ ದೋಣಿಗಳಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಹೋದ ಮೀನುಗಾರರಿಗೆ ದಡ ಕಾಣದ ಜಾಗದಲ್ಲಿಯೂ ನಿಲಯ ಸಿಗುತ್ತಿದ್ದುದು ಈ ಕಾರಣದಿಂದ. ಹವಾಮಾನದ ಎಚ್ಚರಿಕೆಗಾಗಿ ಹಾಕಿದ ರೇಡಿಯೋ ಹಾಡಿಗೂ ಉಳಿಯುತ್ತಿತ್ತು.

ನಿಲಯದ ಕಂಪನಾಂಕವಾದ 1089 ಕಿಲೋಹರ್ಟ್ಸ್ ಎಂಬ ಅಂಕಿಗೂ ಒಂದು ಇತಿಹಾಸವಿದೆ. 1975ರಲ್ಲಿ ಜಿನೀವಾದಲ್ಲಿ ನಡೆದ ಒಪ್ಪಂದದಂತೆ ಏಷ್ಯಾ, ಯುರೋಪ್, ಆಫ್ರಿಕಾ ಖಂಡಗಳ ಮೀಡಿಯಂ ವೇವ್ ನಿಲಯಗಳೆಲ್ಲ 9 ಕಿಲೋಹರ್ಟ್ಸ್ ಅಂತರದ ಮೆಟ್ಟಿಲುಗಳಿಗೆ ಹೊಂದಿಕೊಳ್ಳಬೇಕಾಯಿತು. ಅದು ಜಾರಿಗೆ ಬಂದದ್ದು 1978ರ ನವೆಂಬರ್ 23ರಂದು. 1089 ಎಂದರೆ 9ರ 121 ಪಟ್ಟು. ಎರಡು ನಿಲಯಗಳ ನಡುವೆ ಅಷ್ಟೇ ಜಾಗವಿರುವುದರಿಂದ ಧ್ವನಿಯ ಏರುಸ್ಥಾಯಿಯ ಅಂಶಗಳನ್ನು ಕತ್ತರಿಸಬೇಕಾಗುತ್ತದೆ. ಈ ಮಿತಿ ಹಳೆಯ ಹಾಡುಗಳಿಗೆ ವರವಾಯಿತು. ಪ್ಲೇಟಿನ ಮೇಲಿನ ಗೀರುಗಳ ಚಟಪಟ, ಮುದ್ರಣದ ಸುಯ್‌ ಎಂಬ ಸದ್ದು ಇವೆಲ್ಲ ಹೆಚ್ಚಾಗಿ ಆ ಕತ್ತರಿಸಿಹೋದ ಭಾಗದಲ್ಲಿಯೇ ಇರುತ್ತವೆ. ಪಿ.ಬಿ. ಶ್ರೀನಿವಾಸರ ಕೆಳಸ್ಥಾಯಿಯ ಮಂದ್ರಸ್ವರಕ್ಕೆ ಮೀಡಿಯಂ ವೇವ್ ಮತ್ತು ಅಂಗೈಯಗಲದ ಸ್ಪೀಕರು ಹೇಳಿ ಮಾಡಿಸಿದಂತಿದ್ದವು. ನಿಲಯ ಮುಂದೆ 100.3 ಮೆಗಾಹರ್ಟ್ಸ್‌ನಲ್ಲಿ ಎಫ್.ಎಂ.ಗೂ ಬಂದಾಗ ಹೊಸ ಹಾಡುಗಳು ಹೊಳಪು ಪಡೆದವು, ಹಳೆಯ ಹಾಡುಗಳ ಗೀರುಗಳು ಬಯಲಿಗೆ ಬಂದವು. ಹಳೆಯ ಹಾಡು ಹಳೆಯ ರೇಡಿಯೋದಲ್ಲಿಯೇ ಚೆನ್ನ ಎಂದು ಹಿರಿಯರು ಹೇಳಿದರೆ ಅದನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕಬಾರದು, ಅದಕ್ಕೆ ತಾಂತ್ರಿಕ ಆಧಾರವಿದೆ.

ಇನ್ನು ಕಪಾಟು. ಆಕಾಶವಾಣಿಯ ಪ್ರತಿಯೊಂದು ನಿಲಯಕ್ಕೂ ತನ್ನದೇ ಧ್ವನಿಭಂಡಾರವಿರುತ್ತದೆ. ಚಿತ್ರಗೀತೆಗಳು ಅಲ್ಲಿಗೆ ಬರುತ್ತಿದ್ದುದು ಮಾರುಕಟ್ಟೆಯಲ್ಲಿ ಸಿಗುವ ಪ್ಲೇಟುಗಳ ರೂಪದಲ್ಲಿ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಮಾತ್ರ ಹಿಡಿಸುತ್ತಿತ್ತು, ಹಾಗಾಗಿ ಹಾಡಿನ ಅಳತೆಯೂ ಅಷ್ಟಕ್ಕೇ ನಿಂತಿತು. ಆ ಪ್ಲೇಟುಗಳು ಹೋಗಿ ವಿನೈಲ್‌ನ 45 ಸುತ್ತಿನ ಪ್ಲೇಟುಗಳು ಬಂದ ಮೇಲೂ ಅದೇ ಅಳತೆ ಬಹುಕಾಲ ಮುಂದುವರಿಯಿತು. ಅರ್ಧ ಗಂಟೆಯ ಮೆಚ್ಚಿನ ಗೀತೆಗಳ ಕಾರ್ಯಕ್ರಮದಲ್ಲಿ ಏಳೆಂಟು ಹಾಡುಗಳು ಲೆಕ್ಕ ಹಾಕಿದಂತೆ ಕೂರುತ್ತಿದ್ದುದು ಇದರಿಂದಲೇ.

ಪ್ಲೇಟು ಹಾಕುವುದು ಎಚ್ಚರದ ಕೆಲಸವಾಗಿತ್ತು. ಉದ್ಘೋಷಕರು ಮುಂದಿನ ಹಾಡಿನ ಪ್ಲೇಟನ್ನು ಎರಡನೆಯ ತಿರುಗುಮಣೆಯ ಮೇಲಿಟ್ಟು, ಹೆಡ್‌ಫೋನಿನಲ್ಲಿ ಕೇಳುತ್ತ, ಸಂಗೀತ ಆರಂಭವಾಗುವ ಗೆರೆಯನ್ನು ಮುಳ್ಳಿನಿಂದ ಹುಡುಕಿ, ಅಲ್ಲಿಂದ ಪ್ಲೇಟನ್ನು ತುಸು ಹಿಂದಕ್ಕೆ ತಿರುಗಿಸಿ ಸಿದ್ಧವಾಗಿಟ್ಟುಕೊಳ್ಳುತ್ತಿದ್ದರು. ಅದರ ಕೆಳಗಿನ ಮಣೆ ತಿರುಗುತ್ತಲೇ ಇರುತ್ತಿತ್ತು, ಪ್ಲೇಟನ್ನು ಬೆರಳ ತುದಿಯಿಂದ ಹಿಡಿದಿರುತ್ತಿದ್ದರು. ಚಿತ್ರದ ಹೆಸರು, ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಹಾಡಿದವರು ಯಾರು ಎಂದು ಹೇಳಿ ಮುಗಿಸುವಾಗ ಒಂದು ಕೈ ಧ್ವನಿಯ ಗುಂಡಿಯನ್ನು ಏರಿಸುತ್ತಿತ್ತು, ಇನ್ನೊಂದು ಕೈ ಪ್ಲೇಟನ್ನು ಬಿಡುತ್ತಿತ್ತು. ಮಾತಿಗೂ ಹಾಡಿಗೂ ನಡುವೆ ಒಂದು ಉಸಿರಿನಷ್ಟೇ ಅಂತರ ಉಳಿಯುತ್ತಿತ್ತು. ನಂತರ ಆ ಪ್ಲೇಟಿನ ಸಂಖ್ಯೆಯನ್ನು ದಾಖಲೆಪುಸ್ತಕದಲ್ಲಿ ಬರೆಯಬೇಕಿತ್ತು.

ಆ ನಾಲ್ಕು ಹೆಸರುಗಳನ್ನು ಹೇಳುವ ಪದ್ಧತಿಯ ಬಗ್ಗೆ ಎರಡು ಮಾತು ಹೆಚ್ಚಾದರೂ ಬರೆಯಬೇಕೆನಿಸುತ್ತದೆ. 1950ರ ದಶಕದಲ್ಲಿ ಚಿತ್ರದ ಹೆಸರು ಹೇಳಲು ಒಪ್ಪದ ಅದೇ ಆಕಾಶವಾಣಿ ಮುಂದೆ ಗೀತರಚನೆಕಾರನ ಹೆಸರನ್ನೂ ಬಿಡದೆ ಹೇಳುವ ಶಿಸ್ತನ್ನು ರೂಢಿಸಿಕೊಂಡಿತು. ಕಣಗಾಲ್ ಪ್ರಭಾಕರ ಶಾಸ್ತ್ರಿ, ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಎಂಬ ಕವಿಗಳ ಹೆಸರು, ಜಿ.ಕೆ. ವೆಂಕಟೇಶ್, ಟಿ.ಜಿ. ಲಿಂಗಪ್ಪ, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಎಂ. ರಂಗರಾವ್ ಎಂಬ ಸಂಗೀತ ನಿರ್ದೇಶಕರ ಹೆಸರು ಥಿಯೇಟರಿನ ಮುಖ ನೋಡದ ಮನೆಗಳಲ್ಲಿಯೂ ಪರಿಚಿತವಾದದ್ದು ಪೋಸ್ಟರುಗಳಿಂದಲ್ಲ, ಈ ಪ್ರಕಟಣೆಗಳಿಂದ. ಇಂದಿನ ಅನೇಕ ನಿಲಯಗಳು ಈ ಹೆಸರುಗಳನ್ನು ಹೇಳದೆ ಹಾಡನ್ನು ಹಾಕುತ್ತವೆ. ಹಾಡಿನ ಅರ್ಧ ಆಯುಷ್ಯ ಅದರ ಹೆಸರುಗಳಲ್ಲಿದೆ ಎಂದು ನಂಬಿದವನಾದ್ದರಿಂದ ನನಗೆ ಇದು ನಿಜವಾದ ನಷ್ಟವಾಗಿ ಕಾಣುತ್ತದೆ.

ಕಪಾಟಿನಲ್ಲಿ ಯಾವುದು ಉಳಿಯಿತು ಎಂಬುದಕ್ಕೆ ಕಾಲದ ಒಂದು ತಿರುವೂ ಕಾರಣ. 1974ರಿಂದೀಚೆಗೆ ರಾಜ್‌ಕುಮಾರ್ ತಮ್ಮ ಚಿತ್ರಗಳ ಹಾಡುಗಳನ್ನು ಬಹುಪಾಲು ತಾವೇ ಹಾಡತೊಡಗಿದರು. ಅಲ್ಲಿಯವರೆಗೆ ಅವರಿಗೆ ದನಿಯಾಗಿದ್ದ ಪಿ.ಬಿ. ಶ್ರೀನಿವಾಸರ ದೊಡ್ಡ ಕಾಲ ಮುಗಿಯುತ್ತ ಬಂದಿತ್ತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಾಲ ಏರುಮುಖದಲ್ಲಿತ್ತು. ಮಂಗಳೂರು ನಿಲಯ ಕಣ್ಣು ಬಿಟ್ಟದ್ದು ಸರಿಯಾಗಿ ಈ ಸಂಧಿಯಲ್ಲಿ. ಹಾಗಾಗಿ ನಿಲಯದ ಮೊದಲ ದಿನಗಳಿಂದಲೇ ಕೇಳುಗರಿಗೆ ಮೊನ್ನೆಮೊನ್ನೆಯವರೆಗಿನ ಒಂದು ಪೂರ್ಣಗೊಂಡ ಯುಗ ಮತ್ತು ಈಗಷ್ಟೇ ಶುರುವಾದ ಒಂದು ಯುಗ ಎರಡೂ ಒಟ್ಟಿಗೆ ದೊರೆತವು. 15 ಪೈಸೆಯ ಕಾರ್ಡಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ತುಂಬಿಸಿ ಬರೆದ ಕೋರಿಕೆಗಳು ಮತ್ತೆ ಮತ್ತೆ ಅದೇ ಹಾಡುಗಳನ್ನು ಕೇಳಿದಾಗ ಆ ಪ್ಲೇಟುಗಳು ಮುಂಭಾಗದಲ್ಲಿಯೇ ಉಳಿದವು. ಕನ್ನಡದ ಮೊದಲ ವಾಕ್ಚಿತ್ರ ಬಂದದ್ದು 1934ರಲ್ಲಾದರೂ 30 ಮತ್ತು 40ರ ದಶಕದ ಹಾಡುಗಳು ನಿಮಗೆ ಅಪರೂಪವಾಗಿ ಕೇಳಿದ್ದರೆ, ಅದಕ್ಕೆ ಆ ಕಾಲದಲ್ಲಿ ತಯಾರಾದ ಕನ್ನಡ ಚಿತ್ರಗಳೇ ಕೆಲವು ಎಂಬುದೂ ಅವುಗಳ ಪ್ಲೇಟುಗಳು ಆಗಲೇ ವಿರಳವಾಗಿದ್ದವು ಎಂಬುದೂ ಕಾರಣ.

ತುಳುವಿನ ವಿಷಯದಲ್ಲಿ ಲೆಕ್ಕವೇ ಬೇರೆ. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ತೆರೆಕಂಡದ್ದು 1971ರಲ್ಲಿ, ನಿಲಯಕ್ಕಿಂತ ಐದೇ ವರ್ಷ ಮೊದಲು. ತುಳು ಚಿತ್ರಗೀತೆಯೂ ನಿಲಯವೂ ಹೆಚ್ಚುಕಡಿಮೆ ಒಂದೇ ಓರಗೆಯವು, ಒಟ್ಟಿಗೆ ಬೆಳೆದವು. ಮಾರುಕಟ್ಟೆ ಚಿಕ್ಕದಾದ ಭಾಷೆಯ ಹಾಡಿಗೆ ಬಾನುಲಿ ಬಿಟ್ಟರೆ ಬೇರೆ ಆಸರೆ ಕಡಿಮೆ. ಕೊಂಕಣಿಯಲ್ಲಿ ‘ಕೊಂಕಣ್ ಕೋಗುಳ್’ (ಕೊಂಕಣದ ಕೋಗಿಲೆ) ಎಂದು ಪ್ರಸಿದ್ಧರಾಗಿ 2010ರಲ್ಲಿ ಅಗಲಿದ ವಿಲ್ಫಿ ರೆಬಿಂಬಸ್ ಅವರ ಹಾಡುಗಳು ಸಿನಿಮಾದ ಹಂಗಿಲ್ಲದೆ ಮನೆಮನೆ ತಲುಪಿದವು. ಅವು ಇಂದು ನಮ್ಮ ಹಳೆಯ ಹಾಡುಗಳೇ. ಇನ್ನು ಬ್ರಹ್ಮಾವರದ ಸಮೀಪದ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಾಂಡೇಶ್ವರ ಕಾಳಿಂಗರಾಯರು ಕನ್ನಡ ಭಾವಗೀತೆಯನ್ನು ವೇದಿಕೆಗೂ ಬಾನುಲಿಗೂ ತಂದ ಹಿರಿಯರು. ಅವರು ಹುಟ್ಟಿದ ನೆಲದ ಮಗ್ಗುಲಿನಿಂದಲೇ ಮುಂದೊಂದು ದಿನ ಅವರ ದನಿ ಗಾಳಿಗೇರಿದ್ದನ್ನು ನೆನೆದಾಗ ಸಂತೋಷವಾಗುತ್ತದೆ.

ನಿಜವಾದ ಸಂಪತ್ತು ಚಿತ್ರಗೀತೆಗಳ ಪ್ಲೇಟುಗಳಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪ್ಲೇಟು ಸಾವಿರಾರು ಪ್ರತಿಗಳಲ್ಲಿ ಅಚ್ಚಾಗುತ್ತದೆ, ಒಂದು ಒಡೆದರೆ ಇನ್ನೊಂದು ಎಲ್ಲಾದರೂ ಸಿಗುತ್ತದೆ. ಆದರೆ ನಿಲಯದ ಸ್ಟುಡಿಯೋದಲ್ಲಿಯೇ ಧ್ವನಿಮುದ್ರಿಸಿದ ಯಕ್ಷಗಾನ ಭಾಗವತರ ಪದ, ತಾಳಮದ್ದಳೆಯ ಅರ್ಥಗಾರಿಕೆ, ತುಳುವಿನ ಜನಪದ ಕಥನಗೀತೆಯಾದ ಪಾಡ್ದನ, ಸುಗಮ ಸಂಗೀತ ಇವುಗಳಿಗೆ ಮೂಲ ಪ್ರತಿ ಒಂದೇ. ಕಾಲು ಇಂಚು ಅಗಲದ ಕಾಂತೀಯ ಟೇಪು, ಸೆಕೆಂಡಿಗೆ ಏಳೂವರೆ ಇಂಚು ವೇಗ; 1200 ಅಡಿಯ ಸುರುಳಿಗೆ 32 ನಿಮಿಷ, ಅಂದರೆ ಅರ್ಧ ಗಂಟೆಯ ಒಂದು ಕಾರ್ಯಕ್ರಮ. ಟೇಪು ದುಬಾರಿಯಾದ್ದರಿಂದ ಪ್ರಸಾರವಾದ ಸುರುಳಿಯನ್ನು ಅಳಿಸಿ ಮತ್ತೆ ಬಳಸುವುದು ಆ ಕಾಲದಲ್ಲಿ ಪ್ರಪಂಚದ ಅನೇಕ ಬಾನುಲಿ ಸಂಸ್ಥೆಗಳ ರೂಢಿ. ಉಳಿಸಬೇಕು ಎಂದು ಯಾರೋ ಒಬ್ಬರು ಗುರುತು ಹಾಕಿ ಬೇರೆ ಇಟ್ಟದ್ದು ಮಾತ್ರ ಉಳಿಯಿತು. ಕರಾವಳಿಯ ಮಳೆಗಾಲ ಟೇಪಿಗೂ ಪ್ಲೇಟಿಗೂ ಪರಮಶತ್ರು. ನಾಲ್ಕು ತಿಂಗಳ ತೇವದಲ್ಲಿ ಬೂಸ್ಟು ಹಿಡಿಯದಂತೆ ಇವನ್ನು ಕಾಪಾಡಿದ ಗ್ರಂಥಪಾಲಕರ ಹೆಸರು ಯಾವ ಪ್ರಕಟಣೆಯಲ್ಲಿಯೂ ಬರಲಿಲ್ಲ.

ನಿಮ್ಮ ಮೂರನೆಯ ಪ್ರಶ್ನೆ, ಹಳೆಯ ಹಾಡುಗಳನ್ನಷ್ಟೇ ಹಾಕುವ ನಿಲಯ ಯಾಕಿಲ್ಲ ಎಂಬುದು. ಆಕಾಶಾಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ತೀರ್ಪಿತ್ತ ಮೇಲೆ ಖಾಸಗಿ ಎಫ್.ಎಂ.ಗೆ ದಾರಿಯಾಯಿತು. 2005ರಲ್ಲಿ ಎರಡನೆಯ ಹಂತದ ನೀತಿ ಬಂತು. ಅದರ ಫಲವಾಗಿ ಮಂಗಳೂರಿನಲ್ಲಿ 92.7 ಬಿಗ್ ಎಫ್.ಎಂ., 93.5 ರೆಡ್ ಎಫ್.ಎಂ., 98.3 ರೇಡಿಯೋ ಮಿರ್ಚಿ ಕೇಳಿಸತೊಡಗಿದವು. ಇವು ಹರಾಜಿನಲ್ಲಿ ಹಣ ಕಟ್ಟಿ, ವರಮಾನದಲ್ಲಿ ಸರ್ಕಾರಕ್ಕೆ ಪಾಲು ಕೊಟ್ಟು, ಸಂಪೂರ್ಣವಾಗಿ ಜಾಹೀರಾತಿನಿಂದಲೇ ಬದುಕಬೇಕಾದ ಸಂಸ್ಥೆಗಳು. ಮುಂಬೈ, ಬೆಂಗಳೂರಿನಂಥ ನಗರದಲ್ಲಿ ಹಲವು ನಿಲಯಗಳಿರುವುದರಿಂದ ಒಂದು ನಿಲಯ ಹಳೆಯ ಹಾಡಿನ ಕೇಳುಗರನ್ನೇ ನೆಚ್ಚಿದರೂ ಸಂಖ್ಯೆ ಸಾಕಾಗುತ್ತದೆ. ಮೂರೇ ಖಾಸಗಿ ನಿಲಯಗಳಿರುವ, ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ, ಹಿಂದಿ ಇಷ್ಟೂ ಭಾಷೆಗಳ ಕೇಳುಗರು ಹಂಚಿಹೋಗಿರುವ ಊರಿನಲ್ಲಿ ಪ್ರತಿ ನಿಲಯವೂ ಎಲ್ಲರನ್ನೂ ಒಲಿಸಲು ನೋಡುತ್ತದೆ. ಹಳೆಯ ಹಾಡಿಗೆ ರಾತ್ರಿಯ ಒಂದೆರಡು ಗಂಟೆ ಸಿಗುತ್ತದೆ. ಇದು ಆ ನಿಲಯಗಳ ತಪ್ಪೆಂದು ನಾನು ಹೇಳಲಾರೆ. ಜಾಹೀರಾತುದಾರನಿಗೆ ಬೇಕಾದ ವಯಸ್ಸಿನ ಕೇಳುಗನಿಗೂ ಅಟ್ಟದಲ್ಲಿ ಪ್ಲೇಟು ಇಟ್ಟುಕೊಂಡ ಕೇಳುಗನಿಗೂ ನಡುವೆ ಅಂತರವಿದೆ.

2024ರ ಆಗಸ್ಟ್‌ನಲ್ಲಿ 234 ಹೊಸ ನಗರಗಳಲ್ಲಿ ಖಾಸಗಿ ಎಫ್.ಎಂ. ಹರಾಜಿಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು, ಆ ಪಟ್ಟಿಯಲ್ಲಿ ಉಡುಪಿಯೂ ಇದೆ. ಮೇಲಿನ ಕಾರಣಗಳಿಂದಾಗಿ ಅದರಿಂದಲೂ ಹಳೆಯ ಹಾಡಿಗೆ ವಿಶೇಷ ಲಾಭವನ್ನು ನಾನು ನಿರೀಕ್ಷಿಸುವುದಿಲ್ಲ. ನನ್ನ ಭರವಸೆ ಹೆಚ್ಚಾಗಿ ಸಮುದಾಯ ಬಾನುಲಿಯ ಮೇಲೆ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೋ ಸಾರಂಗ್ 107.8, ಮಣಿಪಾಲದ 90.4 ಈ ಬಗೆಯವು. ಇವುಗಳ ಸಾಮರ್ಥ್ಯ 100 ವ್ಯಾಟಿಗೆ, ಕಂಬದ ಎತ್ತರ 30 ಮೀಟರಿಗೆ ಸೀಮಿತ. ಹತ್ತು ಹದಿನೈದು ಕಿಲೋಮೀಟರ್ ವ್ಯಾಪ್ತಿ, ಅದೂ ಎಫ್.ಎಂ. ಅಲೆ ನೇರ ಗೆರೆಯಲ್ಲಿ ಸಾಗುವುದರಿಂದ ನಮ್ಮ ಗುಡ್ಡಗಳ ಮರೆಯಲ್ಲಿ ಇನ್ನೂ ಕಡಿಮೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕು. ಹಾಗಾಗಿ ದಿನವಿಡೀ ಚಿತ್ರಗೀತೆ ಹಾಕುವ ನಿಲಯವಾಗಿ ಇದು ನಡೆಯದು. ಆದರೆ ಊರಿನ ಹಿರಿಯರು ತಮ್ಮ ಸಂಗ್ರಹದ ಹಾಡನ್ನು ತಂದು, ಅದರ ಹಿಂದಿನ ಸಂಗತಿಯನ್ನು ತಾವೇ ಹೇಳುವ ಕಾರ್ಯಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಹಕ್ಕುಸ್ವಾಮ್ಯವನ್ನೂ ಗಮನಿಸಬೇಕು. ಹಾಡು ಹಳೆಯದಾದ ಮಾತ್ರಕ್ಕೆ ಯಾರು ಬೇಕಾದರೂ ಪ್ರಸಾರ ಮಾಡಬಹುದು ಎಂಬ ನಂಬಿಕೆ ಬಹಳ ಜನರಲ್ಲಿದೆ, ಅದು ಸರಿಯಲ್ಲ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಅಂದರೆ 1960ರಲ್ಲಿ ಹೊರಬಂದ ಪ್ಲೇಟಿನ ಧ್ವನಿಮುದ್ರಣದ ಹಕ್ಕು 2020ರ ಕೊನೆಗೆ ಮುಗಿಯಿತು. ಆದರೆ ಅದರೊಳಗಿನ ಸಾಹಿತ್ಯಕ್ಕೂ ಸ್ವರಸಂಯೋಜನೆಗೂ ಹಕ್ಕು ಬೇರೆಯೇ ಇದೆ. ಅದು ರಚನೆಕಾರ ತೀರಿಕೊಂಡ ಮೇಲೆ 60 ವರ್ಷ ನಡೆಯುತ್ತದೆ. ಚಿ. ಉದಯಶಂಕರ್ 1993ರಲ್ಲಿ ನಿಧನರಾದದ್ದರಿಂದ ಅವರ ಸಾಹಿತ್ಯದ ಹಕ್ಕು 2053ರವರೆಗೆ ಉಳಿಯುತ್ತದೆ. 2012ರ ತಿದ್ದುಪಡಿ ನಿಲಯಗಳಿಗೆ ನಿಗದಿತ ಸಂಭಾವನೆ ಕೊಟ್ಟು ಪ್ರಸಾರ ಮಾಡುವ ಶಾಸನಬದ್ಧ ಪರವಾನಗಿಯ ದಾರಿ ತೆರೆದಿದೆ, ಅದನ್ನು ಅನುಸರಿಸುವುದು ಕವಿಗೂ ಸಂಯೋಜಕನಿಗೂ ಸಲ್ಲಿಸುವ ನ್ಯಾಯ.

ಕೊನೆಗೆ ನಿಮ್ಮ ಅಟ್ಟ. ಮೊದಲು ಪ್ಲೇಟುಗಳನ್ನೂ ಕ್ಯಾಸೆಟ್‌ಗಳನ್ನೂ ಅಲ್ಲಿಂದ ಕೆಳಗಿಳಿಸಿ. ಹೆಂಚಿನಡಿಯ ಬಿಸಿ ಎರಡಕ್ಕೂ ಕೆಟ್ಟದ್ದು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಭಾರವಾದ, ಬಿದ್ದರೆ ಒಡೆಯುವ 78 ಸುತ್ತಿನ ಪ್ಲೇಟುಗಳಿದ್ದರೆ ಅವನ್ನು ಸ್ಪಿರಿಟ್ಟಿನಿಂದ ಯಾವ ಕಾರಣಕ್ಕೂ ಒರೆಸಬೇಡಿ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ತುಸುವೇ ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಗೆರೆ ಹೋದ ದಿಕ್ಕಿನಲ್ಲಿ ಒರೆಸಿ, ಲೇಬಲ್ಲಿಗೆ ನೀರು ತಾಗದಂತೆ ನೋಡಿಕೊಂಡು, ನೆರಳಿನಲ್ಲಿ ಒಣಗಿಸಿ. ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ನೇರವಾಗಿ ಪ್ಲೇಯರಿಗೆ ಹಾಕಿದರೆ ಅದರ ಬೂಸ್ಟು ಉಳಿದವಕ್ಕೂ ಹರಡುತ್ತದೆ, ಅಂಥವನ್ನು ಬೇರೆ ಇಡಿ. ಉಳಿದವನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿ, ಆಮೇಲೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇಳಿಸುವಾಗ ಹಾಡುಗಳನ್ನು ಮಾತ್ರ ಆಯ್ದು ನಡುವಿನದನ್ನು ಕತ್ತರಿಸಬೇಡಿ. ಆ ಹಾಡುಗಳು ಬೇರೆ ಕಡೆಯೂ ಸಿಗುತ್ತವೆ. ಅವುಗಳ ಮಧ್ಯೆ ಉದ್ಘೋಷಕರು ಆಡಿದ ಮಾತು, ಓದಿದ ಕೋರಿಕೆಯ ಹೆಸರುಗಳು, ಹೇಳಿದ ವೇಳೆ ಬಹುಶಃ ನಿಮ್ಮ ಅಪ್ಪಯ್ಯನವರ ಕ್ಯಾಸೆಟ್ಟಿನಲ್ಲಿ ಮಾತ್ರ ಇವೆ. ಕವರಿನ ಮೇಲೆ ಅವರ ಕೈಬರಹದಲ್ಲಿ ತಾರೀಕು ಇದ್ದರೆ ಅದರದ್ದೂ ಒಂದು ಫೋಟೋ ತೆಗೆದು ಅದೇ ಹೆಸರಿನಲ್ಲಿ ಜೊತೆಗಿಡಿ.